ಹನ್ನೆರಡಕ್ಕೆ ರೂಮು

ಅವ್ವನಿಗೆ ಕೆಮ್ಮು ಅಂಟಿಕೊಂಡು ಎರಡು ವರ್ಷವಾಗಿತ್ತು. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಎಲೆ ಕುಟ್ಟಿ, ಜರಡಿ ಹಿಡಿದು, ಚೀಲ ತುಂಬುವ ಹೆಂಗಸರಲ್ಲಿ ಕೆಮ್ಮದವರೇ ಇರಲಿಲ್ಲ. ಹಾಗಾಗಿ ಅದನ್ನು ಒಂದು ಬೇನೆ ಎಂದು ನಮ್ಮ ಓಣಿಯಲ್ಲಿ ಯಾರೂ ಎಣಿಸುತ್ತಿರಲಿಲ್ಲ. ಸಂಜೆ ಮನೆಗೆ ಬಂದವಳು ಹೊರಗೇ ನಿಂತು ಸೆರಗು ಝಾಡಿಸುತ್ತಿದ್ದಳು, ಆ ಘಾಟಿಗೆ ಒಳಗಿದ್ದ ನನಗೆ ಸೀನು ಬರುತ್ತಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆ, ನಾನು ಏಳನೇ ತರಗತಿಯ ಪರೀಕ್ಷೆ ಬರೆದು ಮನೆಯಲ್ಲಿದ್ದೆ. ದವಾಖಾನೆಯ ಡಾಕ್ಟರು ಅವಳ ಬೆನ್ನಿಗೆ ಕೊಳವೆ ಇಟ್ಟು ನೋಡಿ, ಔಷಧ ಬರೆದು, ನಿನಗೆ ನಿಜವಾಗಿ ಬೇಕಾದದ್ದು ಹವಾಪಾಲಟ, ಆದರೆ ಅದನ್ನು ಚೀಟಿಯಲ್ಲಿ ಬರೆದುಕೊಟ್ಟು ಏನು ಉಪಯೋಗ ಎಂದು ನಕ್ಕರಂತೆ.

ಹವಾಪಾಲಟ ಎಂಬ ಮರಾಠಿ ಮಾತು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿತ್ತು. ವಖಾರಿ ಮಾಲೀಕರ ಮನೆಯವರು ಪ್ರತಿ ಮೇ ತಿಂಗಳು ಗಾಳಿ ಬದಲಿಸಲು ಘಟ್ಟದ ಮೇಲೆ ಹೋಗಿ ಇದ್ದುಬರುತ್ತಿದ್ದರು. ಅಂದು ರಾತ್ರಿ ಊಟಕ್ಕೆ ಕೂತಾಗ ಅವ್ವ ಡಾಕ್ಟರರ ನಗುವನ್ನು ಅಪ್ಪನಿಗೆ ವರದಿ ಮಾಡಿ, ರೊಟ್ಟಿ ಮುರಿಯುತ್ತ ಹೇಳಿದಳು: "ಧೂಳ ಕುಡಿಯೂದು ನಾವು, ಹವಾ ಬದಲ ಮಾಡೂದು ಅವರು. ಈ ಸಲ ನಾವೂ ಹೋಗೂಣ್ರಿ."

ಅಪ್ಪ ಬೇಡ ಎನ್ನಲಿಲ್ಲ. ಯಾರಿಗೂ ಬೇಡ ಎನ್ನುವುದು ಅವನಿಗೆ ಬರುತ್ತಲೇ ಇರಲಿಲ್ಲ. ವಿದ್ಯುತ್ ಬೋರ್ಡಿನಲ್ಲಿ ಅವನು ಲೈನ್‌ಮನ್. ಭೋಜದ ಸುತ್ತಲಿನ ಹಳ್ಳಿಗಳ ಕಂಬ, ತಂತಿ, ಪಂಪ್‌ಸೆಟ್ಟು ಎಲ್ಲ ಅವನ ಪಾಲಿಗೆ. ಮಳೆಗಾಲದಲ್ಲಿ ದೂಧಗಂಗಾ ಕಬ್ಬಿನ ಹೊಲಗಳಿಗೆ ನುಗ್ಗಿ ಸದಲಗಾ ಕಡೆಯ ಕಂಬಗಳು ವಾಲಿದಾಗ ಎದೆಮಟ್ಟದ ನೀರಿನಲ್ಲಿ ನಡೆದುಹೋಗುತ್ತಿದ್ದ. ಉಣ್ಣುತ್ತಿದ್ದವನು ಹೊರಗೆ ಸೈಕಲ್ ಗಂಟೆ ಕೇಳಿಸಿದರೆ ಎತ್ತಿದ ತುತ್ತನ್ನು ತಾಟಿಗೆ ಬಿಟ್ಟು ಏಳುತ್ತಿದ್ದ. ಅವನು ಕಂಬದ ಮೇಲಿರುವಷ್ಟು ಹೊತ್ತು ಅಣ್ಣಾ, ಅಣ್ಣಾ ಎನ್ನುತ್ತಿದ್ದ ಕೆಲವರು, ಇಳಿದ ಮೇಲೆ ಅಂಗಳದಾಚೆ ನಿಲ್ಲಿಸಿ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಅದನ್ನೂ ಕುಡಿದು, ಬಾಯಿ ಒರೆಸಿಕೊಂಡು, ಬರ್ತೀನ್ರಿ ಎಂದು ಸೈಕಲ್ ಹತ್ತುತ್ತಿದ್ದ.

ಅವ್ವ ಬೇರೆಯೇ ಮಣ್ಣಿನವಳು. ಕೂಲಿ ಹೆಚ್ಚಿಸಬೇಕೆಂದು ವಖಾರಿಯ ಹೆಂಗಸರು ಗೇಟಿನ ಮುಂದೆ ಕೂತಾಗ ಮೊದಲ ಸಾಲಿನಲ್ಲಿ ಅವಳಿದ್ದಳು. ಹನ್ನೊಂದು ದಿನ ಬಿಸಿಲಲ್ಲಿ ಕೂತಿದ್ದರು. ಶಾಲೆ ಬಿಟ್ಟ ಮೇಲೆ ನಾನೂ ಹೋಗಿ ಅವಳ ತೊಡೆಗೆ ಒರಗುತ್ತಿದ್ದೆ. ನಿಂತವರನ್ನು ಓಡಿಸಬಹುದು, ಕೂತವರನ್ನು ಎಬ್ಬಿಸುವುದು ತ್ರಾಸು ಎಂದು ಅವಳು ಪಕ್ಕದವರಿಗೆ ಹೇಳುತ್ತಿದ್ದಳು.

ಅಪ್ಪನ ಆಫೀಸಿನ ಗುಮಾಸ್ತರೊಬ್ಬರು ಅಂಬೋಲಿಯ ಒಂದು ಹೋಟೆಲಿನ ವಿಳಾಸ ಕೊಟ್ಟರು. ಮರಾಠಿಯಲ್ಲಿ ಪತ್ರವನ್ನೂ ಅವರೇ ಬರೆದು, ಕೆಳಗೆ ಅಪ್ಪನ ಹೆಸರನ್ನು ಬರೀ ಇನಿಷಿಯಲ್‌ಗಳಲ್ಲಿ ಹಾಕಿದರು. ಮುಂಗಡವನ್ನು ಮನಿಯಾರ್ಡರ್ ಮಾಡಿದೆವು. ಎರಡು ವಾರಕ್ಕೆ ಕಾರ್ಡು ಬಂತು. ಎರಡು ದಿನಕ್ಕೆ ಒಂದು ರೂಮು ತಮಗಾಗಿ ಕಾದಿರಿಸಲಾಗಿದೆ, ತಮ್ಮ ಸ್ವಾಗತಕ್ಕೆ ಕಾದಿದ್ದೇವೆ ಎಂದು ಅದರಲ್ಲಿತ್ತು. ಅವ್ವ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತನ್ನ ಸಂಚಿಯಲ್ಲಿ ಇಟ್ಟುಕೊಂಡಳು. ಅಪ್ಪನ ತಾಯಿ, ನಮ್ಮ ಆಯಿ, ದುಡ್ಡು ಕೊಟ್ಟು ಪರರ ಮನೆಯಲ್ಲಿ ಮಲಗುವುದು ಎಂಥ ಹುಚ್ಚು ಎಂದು ಬೈದಳು. ಅಲ್ಲಿ ಹಿರಣ್ಯಕೇಶಿ ಹೊಳೆ ಹುಟ್ಟುವ ಜಾಗವಿದೆ ಎಂದು ಗೊತ್ತಾದ ಮೇಲೆ ತಾನೂ ಬರುತ್ತೇನೆ ಎಂದಳು.

ನಸುಕಿನ ಬಸ್ಸು ಹಿಡಿದು, ಗಡಹಿಂಗ್ಲಜದಲ್ಲಿ ಇನ್ನೊಂದಕ್ಕೆ ಬದಲಿಸಿ, ಆಜರಾ ದಾಟಿ ಘಟ್ಟ ಏರಿದೆವು. ಬಸ್ಸಿನ ಕಿಟಕಿಯಿಂದ ತಣ್ಣನೆಯ ಗಾಳಿ ಬಂದಾಗ ಅವ್ವ ಮುಖವನ್ನು ಅದಕ್ಕೇ ಒಡ್ಡಿ ಕೂತಳು. ಒಂಬತ್ತಕ್ಕೆಲ್ಲ ಹೋಟೆಲಿನ ಮುಂದಿದ್ದೆವು. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಹುಲ್ಲಿನ ತೋಟ. ತೋಟದಲ್ಲಿ ನೇರಳೆ ಮರದ ಕೆಳಗೆ ಬೆತ್ತದ ಕುರ್ಚಿಗಳು. ಅಂಥ ಜಾಗದೊಳಗೆ ಟ್ರಂಕು ಹೊತ್ತುಕೊಂಡು ಹೋಗುವಾಗ ನಾನು ಹುಲ್ಲು ತುಳಿಯದಂತೆ ಅಂಚಿನಲ್ಲೇ ಹೆಜ್ಜೆ ಇಟ್ಟೆ.

ಕೌಂಟರಿನಲ್ಲಿ ಬಿಳಿ ಸಫಾರಿ ತೊಟ್ಟ ಮ್ಯಾನೇಜರ್ ಇದ್ದ. ಕಾರ್ಡು ನೋಡಿದ. ಮರಾಠಿಯಲ್ಲಿ ಪೂರ್ತಿ ಹೆಸರು ಹೇಳಿ ಎಂದ. ಅಪ್ಪ ಹೇಳಿದ, ಅಡ್ಡಹೆಸರನ್ನೂ ಸೇರಿಸಿ. ನಮ್ಮ ಆ ಗಡಿಭಾಗದಲ್ಲಿ ಅಡ್ಡಹೆಸರು ಹೇಳಿದರೆ ಓಣಿಯನ್ನೂ ಹೇಳಿದ ಹಾಗೆಯೇ. ಅವನು ಅಪ್ಪನ ಮುಖವನ್ನು, ಆಯಿಯ ಬರಿಗಾಲನ್ನು, ನಮ್ಮ ಟ್ರಂಕನ್ನು ಒಂದು ಸುತ್ತು ನೋಡಿದ. ಆಮೇಲೆ, ರೂಮು ಸಿಗುವುದು ಹನ್ನೆರಡಕ್ಕೆ, ಅದು ಇಲ್ಲಿಯ ನಿಯಮ, ಅಲ್ಲಿಯವರೆಗೆ ಹಿಂದುಗಡೆ ಡ್ರೈವರುಗಳ ಶೆಡ್ಡಿನಲ್ಲಿ ಬೆಂಚಿದೆ, ಕೂತಿರಿ ಎಂದ. ಟ್ರಂಕು ಇಲ್ಲಿ ಇಡಬಹುದೇ ಎಂದು ಅಪ್ಪ ಕೇಳಿದ್ದಕ್ಕೆ, ನಿಮ್ಮ ಹತ್ತಿರವೇ ಇರಲಿ ಎಂದ. ಅಪ್ಪ ಆಗಲಿ ಎಂದು ಟ್ರಂಕು ಎತ್ತಿಕೊಂಡ. ನಾವು ಅವನ ಹಿಂದೆ ಹೋದೆವು.

ಶೆಡ್ಡು ತಗಡಿನದು. ಪಕ್ಕದಲ್ಲಿ ನೀರೆತ್ತುವ ಮೋಟಾರಿನ ಕೋಣೆ. ನೆಲದಲ್ಲಿ ಎಣ್ಣೆಯ ಕಲೆ, ಗಾಳಿಯಲ್ಲಿ ಡೀಸೆಲ್ ವಾಸನೆ. ಅವ್ವ ಅಲ್ಲಿ ಕಾಲಿಟ್ಟವಳೇ ಕೆಮ್ಮತೊಡಗಿದಳು. ಇಷ್ಟು ದೂರ ಬಂದು ಇದನ್ನೇ ಕುಡಿಯಬೇಕೇ ಎಂದು ಆಯಿ ಗೊಣಗಿದಳು. ನನಗೆ ಕೂತಲ್ಲಿ ಕೂಡಲಾಗದೆ ಮುಂದಿನ ಬಾಗಿಲಿನ ತನಕ ಹೋಗಿ ಇಣುಕಿದೆ. ಅಷ್ಟರಲ್ಲಿ ಒಂದು ಕಾರು ಬಂತು. ಗಂಡ, ಹೆಂಡತಿ, ಹೆಂಡತಿಯ ಸೊಂಟದಲ್ಲಿ ಒಂದು ಕೂಸು. ಅವರಿಗೂ ಮ್ಯಾನೇಜರ್ ಹನ್ನೆರಡು ಗಂಟೆ ಎಂದೇ ಹೇಳಿದ, ಆದರೆ ನಗುತ್ತ ಹೇಳಿದ. ಹೇಳಿ, ಒಳಗಿನ ಸೋಫಾದಲ್ಲಿ ಕೂರಿಸಿ ಚಹಾ ತರಿಸಿದ. ಅವರ ಮೂರು ಸೂಟ್‌ಕೇಸುಗಳು ಕೌಂಟರಿನ ಹಿಂದಕ್ಕೆ ಹೋದವು.

ನಾನು ಓಡಿಬಂದು ಕಂಡದ್ದನ್ನೆಲ್ಲ ಅವ್ವನಿಗೆ ಹೇಳಿದೆ. ಹೇಳಬಾರದಿತ್ತೇನೋ ಎಂದು ಅವತ್ತೇ ಅನ್ನಿಸಿತು. ಅವಳು ಕೆಮ್ಮು ನಿಲ್ಲುವ ತನಕ ತಡೆದಳು. ಕೂದಲನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಗಂಟು ಹಾಕಿಕೊಂಡಳು. ಟ್ರಂಕಿನ ಒಂದು ಹಿಡಿಕೆಯನ್ನು ತಾನೇ ಹಿಡಿದು ಏಳ್ರಿ ಎಂದಳು. ಎಲ್ಲಿಗೆ ಎಂದು ಅಪ್ಪ ಕೇಳಿದ. ಅವಳು ತೋಟದ ಕಡೆ ನಡೆದಳು. ಇನ್ನೊಂದು ಹಿಡಿಕೆ ಅಪ್ಪನ ಕೈಯಲ್ಲಿದ್ದುದರಿಂದ ಅವನೂ ಹೋಗಲೇಬೇಕಾಯಿತು.

ನೇರಳೆ ಮರದ ಕೆಳಗೆ ಟ್ರಂಕು ಇಳಿಸಿ ಅವ್ವ ಮೊದಲು ಆಯಿಯನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿದಳು, ಆಮೇಲೆ ತಾನು ಕೂತಳು. ಅಪ್ಪ ಕುರ್ಚಿಯ ಅಂಚಿಗೆ ತಾಗಿಯೂ ತಾಗದಂತೆ ಕೂತ. ಎರಡೇ ನಿಮಿಷಕ್ಕೆ ಮ್ಯಾನೇಜರ್ ಬಂದ. ಈ ಕುರ್ಚಿಗಳು ಇಲ್ಲಿ ಇಳಿದುಕೊಂಡ ಗಿರಾಕಿಗಳಿಗೆ ಎಂದ. ಅವ್ವ ಸಂಚಿಯಿಂದ ಕಾರ್ಡು ತೆಗೆದು, ಪ್ಲಾಸ್ಟಿಕ್ ಬಿಚ್ಚಿ, ಇದು ಯಾರಿಗೆ ಬರೆದದ್ದು ಎಂದು ಮರಾಠಿಯಲ್ಲೇ ಕೇಳಿದಳು. ಅವನು ಮತ್ತೆ ಹನ್ನೆರಡು ಗಂಟೆಯ ನಿಯಮ ಹೇಳಿದ. ಆಗ ಅವಳ ಬಾಯಲ್ಲಿ ಕನ್ನಡ ಬಂತು.

"ಹನ್ನೆರಡಕ್ಕ ರೂಮು, ಖರೆ. ಕುರ್ಚಿಗೂ ಹನ್ನೆರಡ ಏನ್ರಿ?"

ಅವನಿಗೆ ಅರ್ಥವಾಯಿತು ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ಕಿಟಕಿಯಿಂದ ಕಾರಿನವರು ನೋಡುತ್ತಿರುವುದು ಕಂಡು ಒಳಗೆ ಹೋದ.

ಇನ್ನು ಎರಡೂವರೆ ಗಂಟೆ ಕಳೆಯಬೇಕಿತ್ತು. ಅವ್ವ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಹುಲ್ಲಿನ ಮೇಲೆ ಚಾದರ ಹಾಸಿ ಉಣ್ಣೋಣ ಎಂದು ಆಯಿ ಹೇಳಿದರೆ, ಇಲ್ಲ, ಕುರ್ಚಿಯ ಮೇಲೆ ಕೂತೇ ಉಣ್ಣಬೇಕು ಎಂದು ಅವ್ವ ಹಟ ಹಿಡಿದಳು. ಆಯಿಗೆ ಕಾಲು ಇಳಿಬಿಟ್ಟು ಉಂಡು ರೂಢಿಯಿರಲಿಲ್ಲ. ಅವಳು ಕುರ್ಚಿಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಉಂಡಳು. ನಾನು ಬೇಲಿಯ ಗುಂಟ ಅಲೆದು ಕವಳಿ ಹಣ್ಣು ಕಿತ್ತು ತಂದೆ. ಅವ್ವ ಒಂದೊಂದನ್ನೇ ಬಾಯಿಗೆ ಹಾಕಿಕೊಂಡು, ಹೋಟೆಲಿನ ಬಾಗಿಲ ಕಡೆ ಮುಖ ಮಾಡಿ, ಯಾರನ್ನೋ ಕಾಯುತ್ತಿರುವವಳ ಹಾಗೆ ಕೂತಿದ್ದಳು.

ಅಪ್ಪನಿಗೆ ಮಾತ್ರ ಕೂತು ಗೊತ್ತಿಲ್ಲ. ಅವನ ಕಣ್ಣು ಹೋಟೆಲಿನ ಹಿಂದುಗಡೆಯ ವಿದ್ಯುತ್ ಕಂಬದ ಮೇಲೇ ಹೋಗುತ್ತಿತ್ತು. ಒಮ್ಮೆ ತಟಕ್ಕನೆ ತಲೆ ಎತ್ತಿ ಹಿಂದುಗಡೆಯಿಂದ ಬರುತ್ತಿದ್ದ ಮೋಟಾರಿನ ಸದ್ದಿಗೆ ಕಿವಿಗೊಟ್ಟ. ನನಗೆ ಅದು ಬರೀ ಸದ್ದು. ಅವನಿಗೆ ಹಾಗಲ್ಲ. ಮೂರು ಫೇಜಿನಲ್ಲಿ ಒಂದು ಹೋಗಿದೆ, ಮೋಟಾರು ತಿರುಗಲಾಗದೆ ನರಳುತ್ತಿದೆ, ಈಗಲೇ ಬಂದ್ ಮಾಡದಿದ್ದರೆ ಸುಡುತ್ತದೆ ಎಂದು ಎದ್ದ. ಅವ್ವ ತಡೆಯಲಿಲ್ಲ. ಅವನು ಕೌಂಟರಿಗೆ ಹೋಗಿ, ತಾನೂ ಒಬ್ಬ ಲೈನ್‌ಮನ್ ಎಂದು ಹೇಳಿ, ಮೋಟಾರು ನಿಲ್ಲಿಸಲು ಕೇಳಿಕೊಂಡನಂತೆ. ಮ್ಯಾನೇಜರ್ ಪುಸ್ತಕದಿಂದ ತಲೆ ಎತ್ತದೆ, ಹನ್ನೆರಡರ ತನಕ ಹೊರಗಿರಿ, ಗಳಿಗೆಗೊಮ್ಮೆ ಒಳಗೆ ಬರಬೇಡಿ ಎಂದನಂತೆ. ಅಪ್ಪ ತಿರುಗಿ ಬಂದು ಕೂತ. ಅದನ್ನು ಹೇಳುವಾಗಲೂ ಅವನಿಗೆ ಸಿಟ್ಟಿರಲಿಲ್ಲ, ಮೋಟಾರಿನ ಬಗ್ಗೆ ಸಂಕಟವಿತ್ತು.

ಸ್ವಲ್ಪ ಹೊತ್ತಿಗೆ ಮೋಟಾರು ತಾನಾಗಿ ನಿಂತಿತು. ಹೋಟೆಲಿನೊಳಗೆ ಬಕೆಟ್ಟುಗಳ ಸದ್ದು, ಕೂಗಾಟ ಶುರುವಾಯಿತು. ಟಾಕಿಯಲ್ಲಿ ನೀರಿರಲಿಲ್ಲ. ಅಲ್ಲಿಯ ಲೈನ್‌ಮನ್ ಬೇರೊಂದು ಹಳ್ಳಿಯ ಲೈನಿಗೆ ಹೋಗಿದ್ದಾನೆ, ಸಂಜೆಯ ತನಕ ಬರುವುದಿಲ್ಲ ಎಂದು ಯಾರೋ ಹೇಳುವುದು ಕೇಳಿಸಿತು. ಹನ್ನೊಂದು ದಾಟಿರಬೇಕು, ಮ್ಯಾನೇಜರ್ ತೋಟಕ್ಕೆ ಬಂದ. ಈ ಸಲ ಅವನ ಬಾಯಲ್ಲಿ ನಮ್ಮ ಕಡೆಯ ಅಚ್ಚ ಕನ್ನಡವಿತ್ತು. ಗಡಹಿಂಗ್ಲಜದವನಂತೆ.

"ನೀವು ಲೈನ್‌ಮನ್ ಅಂದ್ರೆಲ್ಲ ಆವಾಗ. ಜರಾ ಬಂದ ನೋಡ್ರಿ. ಐದ ಮಿನಿಟಿನ ಕೆಲಸ. ನಿಮ್ಮ ರೂಮ್ ಈಗಿಂದೀಗ ತಗಸಿ ಕೊಡ್ತೀನಿ."

ಅಪ್ಪ ಆಗಲೇ ಎದ್ದು ಅಂಗಿಯ ತೋಳು ಮಡಚುತ್ತಿದ್ದ.

"ಕುಂಡ್ರಿ," ಎಂದಳು ಅವ್ವ.

ದನಿ ಏರಿಸಿರಲಿಲ್ಲ. ಅಪ್ಪ ಮಡಚಿದ ತೋಳಿನೊಂದಿಗೆ ಹಾಗೇ ನಿಂತ. ಅವ್ವ ಮ್ಯಾನೇಜರನ ಕಡೆ ತಿರುಗಿದಳು.

"ಈಗಿಂದೀಗ ಕೊಡ್ತೀರಿ ಅಂದ್ರ ರೂಮ್ ಮುಂಜಾನಿಂದ ಖಾಲಿನ ಐತಿ. ಹೌದಲ್ರಿ?"

ಅವನು, ನಿಯಮ ಅಂತ ಒಂದು ಇರುತ್ತದಲ್ಲ ಅಕ್ಕಾ ಎಂದ. ನಾವು ಬಂದಾಗಿನಿಂದ ಮೊದಲ ಸಲ ಅವಳು ಅಕ್ಕ ಆಗಿದ್ದಳು.

"ನಿಯಮ ನಮಗೂ ಐತ್ರಿ. ಇವರು ಸೂಟಿ ಮ್ಯಾಲ ಅದಾರ. ವರ್ಷಾನಗಟ್ಟಲೆ ಮಂದೀ ಕಂಬ ಹತ್ಯಾರ, ಇವತ್ತ ಕುರ್ಚಿ ಮ್ಯಾಲ ಕುಂಡ್ರತಾರ."

ನಿಜ ಹೇಳಬೇಕೆಂದರೆ ಆಗ ನನಗೆ ಅವ್ವನ ಮೇಲೆ ವಿಪರೀತ ಸಿಟ್ಟು ಬಂದಿತ್ತು. ನನಗೆ ರೂಮು ಬೇಕಿತ್ತು. ಮೆತ್ತನೆಯ ಹಾಸಿಗೆ, ತಲೆಯ ಮೇಲಿಂದ ನೀರು ಸುರಿಯುವ ಬಚ್ಚಲು ಬೇಕಿತ್ತು. ಯವ್ವಾ, ಮಾಡಲಿ ಬಿಡು ಎಂದು ಅವಳ ಸೆರಗು ಎಳೆದೆ. ಅವಳು ನನ್ನ ಕೈಯನ್ನು ಸೆರಗಿನಿಂದ ಬಿಡಿಸಿದಳು. ಅಪ್ಪ ಒಮ್ಮೆ ಹಿಂದುಗಡೆಯ ಕಂಬ ನೋಡಿದ, ಒಮ್ಮೆ ಅವಳನ್ನು ನೋಡಿದ. ಕರೆದರೆ ಹೋಗುವುದೊಂದೇ ಗೊತ್ತಿದ್ದ ಮನುಷ್ಯ, ಅಷ್ಟು ಹೊತ್ತು ನಿಂತದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಮ್ಯಾನೇಜರನಿಗೆ, ಮೇನ್ ಸ್ವಿಚ್ ತೆಗೆದಿಡಿ, ಯಾರೂ ಮುಟ್ಟಬೇಡಿ, ಟ್ರಾನ್ಸ್‌ಫಾರ್ಮರಿನಲ್ಲಿ ಒಂದು ಫ್ಯೂಜ್ ಹೋಗಿದೆ, ನಿಮ್ಮ ಲೈನ್‌ಮನ್ ಬಂದರೆ ಹೇಳಿ ಎಂದು ಮೆಲ್ಲಗೆ ತಿಳಿಸಿದ. ತೋಳು ಇಳಿಸಿದ. ಕುರ್ಚಿಯ ಬೆನ್ನಿಗೆ ಪೂರ್ತಿ ಒರಗಿ ಕೂತ.

ಮ್ಯಾನೇಜರ್ ಹೋದ ಮೇಲೆ ಕಾರಿನಲ್ಲಿ ಬಂದಿದ್ದ ಹೆಂಗಸು ತೋಟಕ್ಕೆ ಬಂದಳು. ಕೂಸು ಕೊಳೆ ಮಾಡಿಕೊಂಡಿದೆ, ಹನಿ ನೀರಿಲ್ಲ, ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಹಟ ಯಾಕೆ ಎಂದು ಮರಾಠಿಯಲ್ಲಿ ಕೇಳಿದಳು. ಅವ್ವ ನಿಪ್ಪಾಣಿಯಿಂದ ತುಂಬಿಕೊಂಡು ತಂದಿದ್ದ ನಮ್ಮ ನೀರಿನ ಡಬ್ಬಿಯನ್ನು ಎತ್ತಿ ಅವಳ ಕೈಗೆ ಕೊಟ್ಟಳು. ಅವಳು ಒಂದು ಕ್ಷಣ ತಡೆದು, ತೆಗೆದುಕೊಂಡು ಹೋದಳು. ಕೂಸಿಗೆ ಕುಡಿಸಿದಳೋ, ಮೈ ತೊಳೆದಳೋ ನಾವು ನೋಡಲಿಲ್ಲ. ಖಾಲಿ ಡಬ್ಬಿ ಮಾತ್ರ ವಾಪಸು ಬಂತು.

ಈ ಕತೆಯನ್ನು ನಾನು ಹೇಳಿದಾಗಲೆಲ್ಲ ಕೇಳಿದವರಲ್ಲಿ ಒಬ್ಬರಾದರೂ ಆ ಹೆಂಗಸಿನ ಪ್ರಶ್ನೆಯನ್ನೇ ಕೇಳುತ್ತಾರೆ. ಐದು ನಿಮಿಷದ ಕೆಲಸ, ನಿಮ್ಮ ತಂದೆ ಮಾಡಿಕೊಟ್ಟಿದ್ದರೆ ಅವರೇ ದೊಡ್ಡವರಾಗುತ್ತಿದ್ದರು, ಮನುಷ್ಯತ್ವ ಎಂಬುದು ಇರಬೇಕಲ್ಲ ಎನ್ನುತ್ತಾರೆ. ಇರಬೇಕು. ಒಂಬತ್ತು ಗಂಟೆಗೂ ಇರಬೇಕಿತ್ತು. ಅಪ್ಪ ಹುಟ್ಟಿದಾಗಿನಿಂದ ದೊಡ್ಡವನಾಗುತ್ತಲೇ ಬಂದಿದ್ದ. ಊರೂರಿನ ಕಂಬ ಹತ್ತಿ, ಇಳಿದು, ಬೊಗಸೆಯಲ್ಲಿ ನೀರು ಕುಡಿದು ದೊಡ್ಡವನಾಗಿದ್ದ. ಆ ದೊಡ್ಡತನಕ್ಕೆ ಒಂದು ದಿನದ ಸೂಟಿ ಕೊಟ್ಟದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಅವ್ವನಂತೂ ಕೇಳಲೇ ಇಲ್ಲ.

ಒಳಗಿನ ಗೋಡೆಗಡಿಯಾರ ಹನ್ನೆರಡು ಹೊಡೆಯುತ್ತಿದ್ದಂತೆ ಅವ್ವ ಎದ್ದು, ಸೆರಗು ಸರಿಮಾಡಿಕೊಂಡು ಕೌಂಟರಿಗೆ ಹೋದಳು. ನಾವು ಹಿಂದೆ. ಮ್ಯಾನೇಜರ್ ರಜಿಸ್ಟರು ತಿರುಗಿಸಿ ಅಪ್ಪನ ಕೈಗೆ ಪೆನ್ನು ಕೊಟ್ಟ. ಹೆಸರು, ಊರು, ಉದ್ಯೋಗ. ಅಪ್ಪ ಬರೆದು ಮುಗಿಸಿದ ಮೇಲೆ ಅವ್ವ ಪೆನ್ನಿಗೆ ಕೈಚಾಚಿದಳು. ಒಂದು ಮನೆಗೆ ಒಂದೇ ಹೆಸರು ಸಾಕು ಎಂದು ಅವನು ಹೇಳಿದ. ಅವಳು ಕೇಳಿಸಿಕೊಳ್ಳಲಿಲ್ಲ. ಸಹಿ ಮಾಡುವುದನ್ನು ಅವಳು ವಖಾರಿಯ ಹೆಂಗಸರ ಸಂಘದಲ್ಲಿ ಕಲಿತಿದ್ದಳು. ಅಪ್ಪನ ಹೆಸರಿನ ಕೆಳಗೆ ದಪ್ಪ ಅಕ್ಷರಗಳಲ್ಲಿ ನಿಧಾನವಾಗಿ ತನ್ನ ಪೂರ್ತಿ ಹೆಸರು ಬರೆದಳು, ಅಡ್ಡಹೆಸರನ್ನೂ. ಉದ್ಯೋಗದ ಜಾಗದಲ್ಲಿ ಏನು ಬರೆಯಬೇಕೋ ತಿಳಿಯದೆ ನನ್ನ ಕೈಗೆ ಪೆನ್ನು ಕೊಟ್ಟಳು. ತಂಬಾಕು ವಖಾರಿ ಕೆಲಸ ಎಂದು ನಾನು ಬರೆದೆ.

ರೂಮಿನಲ್ಲಿ ಹಾಸಿಗೆ ನಾನು ಎಣಿಸಿದಷ್ಟೇ ಮೆತ್ತಗಿತ್ತು. ನಲ್ಲಿ ತಿರುಗಿಸಿದರೆ ಬುಸ್ಸೆಂದು ಗಾಳಿ ಬಂತು. ನಮ್ಮ ಹಟದ ಪಾಲು ನಮಗೂ ಸಿಕ್ಕಿತ್ತು. ಆಯಿ, ಹೊಳೆ ಹುಟ್ಟುವ ಕಡೆ ನೀರಿಗೆ ಏನು ಬರ ಎಂದು ಬಟ್ಟೆಯ ಗಂಟು ಕಟ್ಟಿದಳು. ನಾವೆಲ್ಲ ಹಿರಣ್ಯಕೇಶಿಗೆ ನಡೆದೆವು. ಗುಡ್ಡದ ಗವಿಯೊಳಗಿನಿಂದ ನೀರು ಸದ್ದಿಲ್ಲದೆ ಬರುತ್ತಿತ್ತು. ಗುಡಿಯಿಂದ ಕೆಳಗೆ ಹರಿವಿನಲ್ಲಿ ಇಳಿದು ಮಿಂದೆವು. ಆಯಿ ನೀರಿನಲ್ಲಿ ಕೂತು ಏಳಲೊಲ್ಲದೆ ಕೂತಳು. ಅವ್ವ ಬಂಡೆಯ ಮೇಲೆ ಕಾಲು ಇಳಿಬಿಟ್ಟು, ಒದ್ದೆ ಕೂದಲು ಹರಡಿಕೊಂಡು, ಬಹಳ ಹೊತ್ತು ಉಸಿರಾಡಿದಳು. ಉಸಿರಾಡಿದಳು ಎಂದೇ ಹೇಳಬೇಕು, ಯಾಕೆಂದರೆ ಅಷ್ಟು ಹೊತ್ತು ಅವಳು ಬೇರೆ ಏನನ್ನೂ ಮಾಡಲಿಲ್ಲ, ಕೆಮ್ಮಲೂ ಇಲ್ಲ.

ಸಂಜೆ ನಾಲ್ಕೂವರೆಗೆ ಮರಳಿದಾಗ ಅಲ್ಲಿಯ ಲೈನ್‌ಮನ್ ಆಗಷ್ಟೇ ಬಂದಿದ್ದ. ಅಪ್ಪನಿಗಿಂತ ವಯಸ್ಸಾದವನು. ಸೈಕಲ್ಲನ್ನು ಬೇಲಿಗೆ ಒರಗಿಸಿ, ಒಬ್ಬನೇ ಬಿದಿರಿನ ಏಣಿ ಎಳೆಯುತ್ತಿದ್ದ. ಅಪ್ಪ ಅದನ್ನು ಕಂಡವನೇ ನಮ್ಮನ್ನು ಬಿಟ್ಟು ಅತ್ತ ಹೋದ. ಏಣಿಯ ಇನ್ನೊಂದು ತುದಿ ಹಿಡಿದ. ಮೇಲೆ ಹತ್ತಿದವನಿಗೆ ಕೆಳಗಿನಿಂದ ಫ್ಯೂಜಿನ ತಂತಿ, ಕಟಿಂಗ್ ಪ್ಲೇಯರ್ ಎತ್ತಿಕೊಟ್ಟ. ಈಗ ಯಾಕೆ ಸುಮ್ಮನಿದ್ದೀ ಎಂದು ನಾನು ಅವ್ವನನ್ನು ಕುಟುಕಿದೆ. ಮುಂಜಾನೆಯ ಸಿಟ್ಟು ನನಗಿನ್ನೂ ಇಳಿದಿರಲಿಲ್ಲ.

"ಅಂವ ಒಬ್ಬಾಂವ ಅದಾನ," ಎಂದಳು. "ಮ್ಯಾಲ ಹತ್ತಿದಾಂವಗ ಕೆಳಗ ಒಬ್ಬ ಬೇಕ."

ಪುಣ್ಯಕ್ಕೆ ಮೋಟಾರಿನ ವೈಂಡಿಂಗ್ ಸುಟ್ಟಿರಲಿಲ್ಲ. ನೀರು ಏರಿತು. ಇಬ್ಬರು ಲೈನ್‌ಮನ್‌ಗಳೂ ಏಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದರು. ಯಾವ ಬೋರ್ಡಿನಲ್ಲಿ ಕೈಗವಸು ಕೊಡುತ್ತಾರೆ, ಯಾವುದರಲ್ಲಿ ಕೊಡುವುದಿಲ್ಲ ಎಂದು ಹೊತ್ತು ಮುಳುಗುವ ತನಕ ಅವರ ಮಾತು ನಡೆದಿತ್ತು. ಮರುದಿನ ಮುಂಜಾನೆ ಕೇಳದೆಯೇ ನಮ್ಮ ರೂಮಿಗೆ ಚಹಾ ಬಂತು. ಆಯಿ ಅದನ್ನು ಅನುಮಾನದಿಂದ ನೋಡಿದಳು. ಅವ್ವ ಕುಡಿದು, ಸಕ್ಕರೆ ಕಡಿಮೆಯಾಗಿದೆ ಎಂದು ಹೇಳಿಕಳಿಸಿದಳು.

ಊರಿಗೆ ಮರಳಿದ ವಾರದೊಳಗೆ ಅವಳ ಕೆಮ್ಮು ಹಿಂದಿರುಗಿತು. ಎರಡು ದಿನದ ಗಾಳಿಗೆ ಎರಡು ವರ್ಷದ ಧೂಳು ಹೋಗುವುದಿಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲೂ ಅವಳು ಅದೇ ವಖಾರಿಗೆ ಹೋದಳು, ಉಸಿರು ಪೂರ್ತಿ ಸೋತ ಮೇಲೆ ಬಿಟ್ಟಳು. ಅಪ್ಪ ಕರೆದಲ್ಲಿಗೆ ಹೋಗುವುದನ್ನೂ ಬಿಡಲಿಲ್ಲ. ಆದರೆ ಊಟದ ನಡುವೆ ಸೈಕಲ್ ಗಂಟೆ ಕೇಳಿದರೆ, ಉಂಡು ಬರ್ತೀನಿ, ಕುಂತಿರ್ರಿ ಎಂದು ಒಳಗಿನಿಂದಲೇ ಹೇಳಲು ಕಲಿತ.

ಮುಂದಿನ ಬೇಸಿಗೆಯಲ್ಲಿ ವಖಾರಿಯ ಇನ್ನಿಬ್ಬರು ಹೆಂಗಸರು ತಮ್ಮ ಮನೆಯವರೊಂದಿಗೆ ಘಟ್ಟಕ್ಕೆ ಹೋಗಿಬರುವ ಮನಸ್ಸು ಮಾಡಿದರು. ಒಂದು ಸಂಜೆ ನಮ್ಮ ಕಟ್ಟೆಗೆ ಬಂದು, ಅಲ್ಲಿ ಬೇರೆ ಹೋಟೆಲುಗಳೂ ಇರಬೇಕಲ್ಲ, ಒಳ್ಳೆಯ ಮಂದಿಯದು ಯಾವುದು ಎಂದು ವಿಚಾರಿಸಿದರು. ಬೇರೆಯವು ಇದ್ದವು, ಅವ್ವನಿಗೆ ಗೊತ್ತೂ ಇತ್ತು. ಅವಳು ನನ್ನನ್ನು ಕರೆದು ಅದೇ ಹೋಟೆಲಿನ ವಿಳಾಸವನ್ನು ಎರಡು ಚೀಟಿಗಳಲ್ಲಿ ಬರೆಸಿದಳು. ಮುಂಜಾನೆಯ ಮೊದಲ ಬಸ್ಸಿಗೇ ಹೋಗಿರಿ, ಹನ್ನೆರಡರ ತನಕ ನೇರಳೆ ಮರದ ಕೆಳಗಿನ ಕುರ್ಚಿಗಳಲ್ಲಿ ಕೂತಿರಿ ಎಂದು ಹೇಳಿ ಇಬ್ಬರ ಕೈಗೂ ಒಂದೊಂದು ಕೊಟ್ಟಳು.